ದಡದಲ್ಲಿ ಹತ್ತು ಗಂಟೆ: ಜಾರ್ಜ್ ಸ್ಟೆಲ್ಲರ್

ಕಾಲ ಸಾಲದೆಂದು ನಾವು ಹಲವು ಬಾರಿ ಕೊರಗುತ್ತೇವೆ. ಅಂತಹ ವೇಳೆಯಲ್ಲಿ ಜಾರ್ಜ್ ಸ್ಟೆಲ್ಲರನ ಬಾಳನ್ನು ನೆನೆಯುವುದು ಉಚಿತ.

1709ರಲ್ಲಿ ಜರ್ಮನಿಯ ವಿಂಡ್ಸ್‌ಹೈಮ್‌ನಲ್ಲಿ ಜನಿಸಿದ ಈ ಪ್ರಕೃತಿವಿಜ್ಞಾನಿಯು 1741ರಲ್ಲಿ ಬೇರಿಂಗ್ ಎಂಬ ನಾವಿಕನ ಹಡಗಿನಲ್ಲಿ ಕಮ್ಚಾಟ್ಕಾದಿಂದ ಪೂರ್ವಕ್ಕೆ ಹೊರಟನು. ಅಲಾಸ್ಕದ ಕಯಾಕ್ ದ್ವೀಪವನ್ನು ಮುಟ್ಟಿದಾಗ, ಹಡಗಿಗೆ ನೀರು ತುಂಬಿಕೊಳ್ಳುವವರೆಗೆ ಮಾತ್ರ ಅವನಿಗೆ ದಡದಲ್ಲಿರಲು ಅವಕಾಶ ದೊರೆಯಿತು. ಅದು ಸುಮಾರು ಹತ್ತು ಗಂಟೆ! ಒಬ್ಬನೇ ಸಹಾಯಕನೊಡನೆ ತೀರದುದ್ದಕ್ಕೂ ನಡೆದು ಅವನು ಗಿಡಗಳನ್ನು ಸಂಗ್ರಹಿಸಿದನು. ಅಲ್ಲಿಯ ಜನರು ಆಹಾರವನ್ನು ಕೂಡಿಟ್ಟಿದ್ದ ನೆಲಮಾಳಿಗೆಯನ್ನು ಕಂಡನು. ಸಹಾಯಕನು ಹೊಡೆದು ತಂದ ನೀಲಿ ಹಕ್ಕಿಯೊಂದು, ಹಿಂದೆ ಗ್ರಂಥದಲ್ಲಿ ನೋಡಿದ್ದ ಚಿತ್ರವನ್ನು ನೆನಪಿಗೆ ತಂದಿತು. ತಾವು ಮುಟ್ಟಿದುದು ಅಮೆರಿಕವೆಂಬುದಕ್ಕೆ ಅವನಿಗೆ ಅದೇ ಸಾಕ್ಷಿಯಾಯಿತು.

ಮರಳುವ ದಾರಿಯಲ್ಲಿ ಹಸಿ ಸೊಪ್ಪನ್ನು ಕೂಡಿಸಿಕೊಳ್ಳೋಣವೆಂಬ ಅವನ ಸಲಹೆಯನ್ನು ಅಧಿಕಾರಿಗಳು ಕಡೆಗಣಿಸಿದರು. ಸ್ಕರ್ವಿ ರೋಗವು ಹಬ್ಬಿತು. ನಿರ್ಜನ ದ್ವೀಪವೊಂದರಲ್ಲಿ ಹಡಗು ನಾಶವಾಯಿತು. ಬೇರಿಂಗನೂ ಅಲ್ಲಿಯೇ ಮಡಿದನು. ಆಗ ಸ್ಟೆಲ್ಲರನು ದಡದಲ್ಲಿ ಅಲೆದು ತಂದ ಸೊಪ್ಪು, ಬೇಟೆಯ ತಾಜಾ ಮಾಂಸ, ಇವೇ ಉಳಿದವರಿಗೆ ಆಸರೆಯಾದುವು. ಒಡೆದ ಹಡಗಿನ ಮರದಿಂದಲೇ ಹೊಸ ನೌಕೆಯನ್ನು ಕಟ್ಟಿಕೊಂಡು 46 ಮಂದಿ 1742ರಲ್ಲಿ ಕಮ್ಚಾಟ್ಕಾ ಸೇರಿದರು.

1746ರಲ್ಲಿ, 37ನೆಯ ವಯಸ್ಸಿನಲ್ಲಿ, ಸ್ಟೆಲ್ಲರನು ಸೈಬೀರಿಯದಲ್ಲಿ ತೀರಿಕೊಂಡನು. ದೊರೆತ ಹತ್ತು ಗಂಟೆಗಳಲ್ಲಿ ಕಣ್ತೆರೆದು ನಡೆದವನ ಹೆಸರನ್ನು ಆ ನೀಲಿ ಹಕ್ಕಿಯು ಇಂದಿಗೂ ಹೊತ್ತಿದೆ. ನಮಗೆ ದೊರೆತಿರುವ ಗಂಟೆಗಳೇನೂ ಕಡಿಮೆಯಲ್ಲ.