ಜೀನ್ಸ್ ಜೇಬಿನ ರಿವೆಟ್ ಮತ್ತು ಲೀವೈ ಸ್ಟ್ರಾಸ್

ನಮ್ಮ ಕ್ಯಾಂಪಸ್‌ನಲ್ಲಿ ಜೀನ್ಸ್ ಹಾಕದವರು ಸಿಗೋದೇ ಕಷ್ಟ. ಆದರೆ ಜೇಬಿನ ಮೂಲೆಯಲ್ಲಿರೋ ತಾಮ್ರದ ರಿವೆಟ್ ಯಾಕೆ, ಬಲಗಡೆ ಜೇಬಿನೊಳಗೆ ಇನ್ನೊಂದು ಪುಟಾಣಿ ಜೇಬು ಯಾಕೆ ಅಂತ ಕೇಳಿದರೆ ನಾವೆಲ್ಲ ಸ್ಟೈಲ್ ಅಂದುಬಿಡ್ತೀವಿ. ಉತ್ತರ ಬೇಕಾದರೆ ಲೀವೈ ಸ್ಟ್ರಾಸ್ ಅವರ ಜೀವನ ನೋಡಬೇಕು.

ಲೀವೈ ಹುಟ್ಟಿದ್ದು 1829ರ ಫೆಬ್ರವರಿ 26ರಂದು, ಈಗಿನ ಜರ್ಮನಿಯ ಬುಟ್ಟನ್‌ಹೈಮ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ. ತಂದೆ ತೀರಿಕೊಂಡ ಮೇಲೆ, 18ನೇ ವಯಸ್ಸಿನಲ್ಲಿ ತಾಯಿ ಮತ್ತು ಇಬ್ಬರು ಸಹೋದರಿಯರ ಜೊತೆ ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕ್‌ನಲ್ಲಿ ಅಣ್ಣಂದಿರ ಬಟ್ಟೆ ವ್ಯಾಪಾರವಿತ್ತು. ಆಗ ಕ್ಯಾಲಿಫೋರ್ನಿಯಾಗೆ ಜನ ಚಿನ್ನ ಹುಡುಕಿಕೊಂಡು ನುಗ್ಗುತ್ತಿದ್ದರು. 1853ರಲ್ಲಿ ಲೀವೈ ಕೂಡ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದರು. ಚಿನ್ನ ಅಗೆಯೋಕಲ್ಲ, ಬಟ್ಟೆಯ ಹೋಲ್‌ಸೇಲ್ ವ್ಯಾಪಾರ ಮಾಡೋಕೆ.

ಅವರಿಂದ ಬಟ್ಟೆ ತರಿಸುತ್ತಿದ್ದವರಲ್ಲಿ ನೆವಾಡಾದ ರೀನೋ ಊರಿನ ಟೈಲರ್ ಜೇಕಬ್ ಡೇವಿಸ್ ಒಬ್ಬರು. ಒಮ್ಮೆ ಮರ ಕಡಿಯುವವನ ಹೆಂಡತಿ ಬಂದು ಗಂಡನಿಗೆ ಬೇಗ ಹರಿಯದ ಪ್ಯಾಂಟ್ ಕೇಳಿದಳು. ಪ್ಯಾಂಟ್ ಮೊದಲು ಹರಿಯೋ ಜಾಗಗಳಲ್ಲಿ ಜೇಬಿನ ಮೂಲೆಯೂ ಒಂದು. ಕೈ ಹಾಕಿದಾಗ, ಸಾಮಾನು ತುಂಬಿದಾಗ ಎಳೆತವೆಲ್ಲ ಅಲ್ಲಿನ ಎರಡು ಹೊಲಿಗೆ ಮೇಲೆ ಬೀಳುತ್ತೆ. ನಾವು ಓದೋ ಸ್ಟ್ರೆಸ್ ಕಾನ್ಸಂಟ್ರೇಷನ್ ಅಂದ್ರೆ ಇದೇ. ಡೇವಿಸ್ ಕುದುರೆಯ ಹೊದಿಕೆಗೆ ಹಾಕುತ್ತಿದ್ದ ತಾಮ್ರದ ರಿವೆಟ್ ತಗೊಂಡು ಅಲ್ಲಿಗೆ ಹೊಡೆದರು. ಪ್ಯಾಂಟ್ ತಾಳಿಕೆ ಬಂತು, ಕೇಳುವವರೂ ಹೆಚ್ಚಾದರು.

ಬೇರೆಯವರು ಕಾಪಿ ಮಾಡೋ ಮೊದಲು ಪೇಟೆಂಟ್ ಬೇಕು. ಅದಕ್ಕೆ 68 ಡಾಲರ್ ಖರ್ಚು. ಆ ಟೈಲರ್‌ಗೆ ಅದು ದೊಡ್ಡ ಮೊತ್ತ. 1872ರಲ್ಲಿ ಅವರು ಲೀವೈಗೆ ಪತ್ರ ಬರೆದು, ಖರ್ಚು ಹಾಕಿದರೆ ಹಕ್ಕಿನಲ್ಲಿ ಪಾಲು ಕೊಡ್ತೀನಿ ಅಂದರು. ಲೀವೈ ಒಪ್ಪಿದರು. 1873ರ ಮೇ 20ರಂದು 139,121 ನಂಬರಿನ ಪೇಟೆಂಟ್ ಬಂತು. ಅದರಲ್ಲಿ ಕಂಡುಹಿಡಿದವರ ಹೆಸರು ಡೇವಿಸ್ ಅವರದೇ, ಹಕ್ಕು ಇಬ್ಬರಿಗೂ. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ತಯಾರಿಕೆ ನೋಡಿಕೊಂಡರು.

ಪುಟಾಣಿ ಜೇಬು ಇದ್ದದ್ದು ಚೈನ್ ಗಡಿಯಾರಕ್ಕೆ. ಸೊಂಟದಲ್ಲಿ ಬೆಲ್ಟ್ ಲೂಪ್ ಇರಲಿಲ್ಲ, ಸಸ್ಪೆಂಡರ್‌ಗೆ ಗುಂಡಿಗಳಿದ್ದವು. ಲೂಪ್ ಬಂದಿದ್ದು 1922ರಲ್ಲಿ. ಹಿಂದಿನ ಜೇಬಿನ ರಿವೆಟ್ ಕುರ್ಚಿ, ಕುದುರೆ ಜೀನು ಎಲ್ಲಾ ಗೀಚುತ್ತೆ ಅಂತ 1937ರಲ್ಲಿ ಬಟ್ಟೆಯೊಳಗೆ ಮುಚ್ಚಿದರು.

ಲೀವೈ ಮದುವೆಯಾಗಲಿಲ್ಲ. ಅಕ್ಕನ ಮಕ್ಕಳನ್ನು ವ್ಯಾಪಾರಕ್ಕೆ ಸೇರಿಸಿಕೊಂಡರು. 1897ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 28 ವಿದ್ಯಾರ್ಥಿವೇತನಗಳಿಗೆ ಹಣ ಕೊಟ್ಟರು. 1902ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಇವತ್ತು ಪ್ಯಾಂಟಿನ ಮೇಲಿರೋದು ಲೀವೈ ಹೆಸರು, ಡೇವಿಸ್ ಅವರನ್ನು ಕೇಳುವವರಿಲ್ಲ. ಆದರೂ ಐಡಿಯಾ ಯಾರದು ಅನ್ನೋದು ಪೇಟೆಂಟ್ ಕಾಗದದಲ್ಲಿ ಸರಿಯಾಗಿ ಬರೆದಿದೆ. ಗ್ರೂಪ್ ಪ್ರಾಜೆಕ್ಟ್ ರಿಪೋರ್ಟ್ ಬರೆಯೋ ನಾವು ಇಷ್ಟನ್ನಾದರೂ ಕಲಿಯಬಹುದು.