ಸರ್ಕಾರದ ಹಣದಲ್ಲಿ ಸಿನಿಮಾ ಮಾಡಿದ ಐಸೆನ್‌ಸ್ಟೈನ್

ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಶಾಲೆಯ ನೆನಪುಗಳನ್ನು ಬರೆಯುವವರು ನನಗಿಂತ ಹಿರಿಯರು ಅನೇಕರಿದ್ದಾರೆ. ಆದ್ದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಸೆರ್ಗೆಯ್ ಐಸೆನ್‌ಸ್ಟೈನ್ ಎಂಬ ರಷ್ಯಾ ದೇಶದ ಸಿನಿಮಾ ನಿರ್ದೇಶಕನ ಜೀವನ. ಆತ ತೀರಿಕೊಂಡು ಎಪ್ಪತ್ತೈದು ವರ್ಷಗಳ ಮೇಲಾಯಿತು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ರಜೆಯ ದಿನಗಳಲ್ಲಿ ಹಳೆಯ ಸಿನಿಮಾಗಳನ್ನು ನೋಡುವ ಹವ್ಯಾಸ ನನಗೆ ಅಂಟಿಕೊಂಡಿತು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಪ್ರಪಂಚವೇ ಮೆಚ್ಚುವ ಸಿನಿಮಾ ಮಾಡಿದ ಎಂದು ತಿಳಿದಾಗ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆತನ ಹೆಚ್ಚಿನ ಸಿನಿಮಾಗಳಿಗೆ ಹಣ ಹಾಕಿದ್ದು ಸರ್ಕಾರ. ನಾವೆಲ್ಲ ಓದಿದ್ದೂ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ. ಆ ಹಣ ಒಬ್ಬ ಮನುಷ್ಯನಿಗೆ ಏನೆಲ್ಲ ಕೊಡಬಲ್ಲದು, ಏನೆಲ್ಲ ಕಿತ್ತುಕೊಳ್ಳಬಲ್ಲದು ಎಂಬುದು ಈ ಜೀವನದಲ್ಲಿ ಚೆನ್ನಾಗಿ ಕಾಣುತ್ತದೆ.

ಐಸೆನ್‌ಸ್ಟೈನ್ ಹುಟ್ಟಿದ್ದು 1898ರ ಜನವರಿಯಲ್ಲಿ, ರಿಗಾ ನಗರದಲ್ಲಿ. ಈಗ ಅದು ಲಾಟ್ವಿಯಾ ದೇಶದ ರಾಜಧಾನಿ. ಆಗ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಹೆಸರುವಾಸಿ ಎಂಜಿನಿಯರ್, ವಾಸ್ತುಶಿಲ್ಪಿ. ಆತ ಕಟ್ಟಿಸಿದ ಮನೆಗಳು ರಿಗಾದ ಬೀದಿಗಳಲ್ಲಿ ಇಂದಿಗೂ ಇವೆ. ಮಗನೂ ತನ್ನಂತೆಯೇ ಆಗಲೆಂದು ಪೆಟ್ರೊಗ್ರಾಡ್‌ನ ಸಿವಿಲ್ ಎಂಜಿನಿಯರಿಂಗ್ ಕಾಲೇಜಿಗೆ ಸೇರಿಸಿದ. 1917ರಲ್ಲಿ ಕ್ರಾಂತಿ ಆಯಿತು. ಮರುವರ್ಷ ಮಗ ಓದು ಬಿಟ್ಟು ಕ್ರಾಂತಿಕಾರಿಗಳ ಕೆಂಪು ಸೈನ್ಯಕ್ಕೆ ಸೇರಿದ. ತಂದೆ ಅದಕ್ಕೆ ಎದುರಾಗಿದ್ದ ಪಕ್ಷಕ್ಕೆ ಹೋದ. ಅಪ್ಪ ಮಗ ಒಂದೇ ಯುದ್ಧದ ಎರಡು ಬದಿಗಳಲ್ಲಿ ನಿಂತರು. ಕೆಲವೇ ವರ್ಷಗಳಲ್ಲಿ ತಂದೆ ಜರ್ಮನಿಯಲ್ಲಿ ತೀರಿಕೊಂಡ.

ಸೈನ್ಯದಲ್ಲಿ ಕೋಟೆ ಕಾಮಗಾರಿಯ ಕೆಲಸ ಮಾಡುತ್ತಲೇ ಐಸೆನ್‌ಸ್ಟೈನ್ ಸೈನಿಕರ ನಾಟಕಗಳಿಗೆ ರಂಗಸಜ್ಜಿಕೆ ಬರೆಯತೊಡಗಿದ. ಮಾಸ್ಕೋಗೆ ಬಂದು ಮೆಯರ್‌ಹೋಲ್ಡ್ ಎಂಬ ದೊಡ್ಡ ನಾಟಕ ನಿರ್ದೇಶಕನ ಶಿಷ್ಯನಾದ. ಲೆನಿನ್ 1919ರ ಆಗಸ್ಟ್‌ನಲ್ಲಿ ಇಡೀ ಚಿತ್ರೋದ್ಯಮವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿದ್ದ. ಓದು ಬರಹ ಬಾರದ ಕೋಟ್ಯಂತರ ಜನರಿಗೆ ಕ್ರಾಂತಿಯ ಮಾತನ್ನು ತಲುಪಿಸಲು ಸಿನಿಮಾಕ್ಕಿಂತ ಒಳ್ಳೆಯ ಸಾಧನವಿಲ್ಲ ಎಂಬುದು ಆ ಸರ್ಕಾರದ ನಂಬಿಕೆ. ಸ್ಟುಡಿಯೊ, ಕ್ಯಾಮೆರಾ, ಚಿತ್ರಮಂದಿರ ಎಲ್ಲ ಸರ್ಕಾರದವು. ಹೊಸ ಹುಡುಗರಿಗೆ ಬಾಗಿಲು ತೆರೆಯಿತು. ಇಪ್ಪತ್ತೇಳರ ಹುಡುಗ ಐಸೆನ್‌ಸ್ಟೈನ್ 1925ರಲ್ಲಿ ತನ್ನ ಮೊದಲ ದೊಡ್ಡ ಸಿನಿಮಾ ‘ಸ್ಟ್ರೈಕ್’ ತೋರಿಸಿದ.

ಅದೇ ವರ್ಷ ಸರ್ಕಾರದ ಸಮಿತಿಯೊಂದು ಇನ್ನೂ ದೊಡ್ಡ ಕೆಲಸ ಕೊಟ್ಟಿತು. 1905ರ ಬಂಡಾಯಕ್ಕೆ ಇಪ್ಪತ್ತು ವರ್ಷ ತುಂಬುವ ಸಂದರ್ಭದಲ್ಲಿ ಒಂದು ಚಿತ್ರ ಬೇಕಿತ್ತು. ಹುಳ ಬಿದ್ದ ಮಾಂಸವನ್ನು ತಿನ್ನುವುದಿಲ್ಲ ಎಂದು ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ಅಧಿಕಾರಿಗಳ ಮೇಲೆ ತಿರುಗಿಬಿದ್ದ ಒಂದೇ ಘಟನೆಯನ್ನು ಹಿಡಿದು ಆತ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಮಾಡಿದ. ನಿಜವಾದ ಹಡಗು ಬಳಕೆಯಲ್ಲಿರಲಿಲ್ಲ. ಅದರಂಥದೇ ಇನ್ನೊಂದು ಹಳೆಯ ಯುದ್ಧನೌಕೆಯಲ್ಲಿ ಚಿತ್ರೀಕರಣಕ್ಕೆ ಅವಕಾಶ ದೊರೆಯಿತು. ಅದರ ಒಳಗೆ ನೌಕಾಪಡೆಯ ಸಿಡಿಮದ್ದು ತುಂಬಿಟ್ಟಿದ್ದರು. ಯಾವ ಖಾಸಗಿ ನಿರ್ಮಾಪಕ ಇಂಥದ್ದನ್ನು ಒದಗಿಸಿಯಾನು?

ಒಡೆಸ್ಸಾ ಪಟ್ಟಣದ ದೊಡ್ಡ ಮೆಟ್ಟಿಲುಗಳ ಮೇಲೆ ಸೈನಿಕರು ಗುಂಡು ಹಾರಿಸುತ್ತಾ ಇಳಿಯುವ ದೃಶ್ಯ ಈ ಚಿತ್ರದ್ದೇ. ತಾಯಿ ಬಿದ್ದ ಮೇಲೆ ಮಗುವಿನ ತಳ್ಳುಗಾಡಿ ತಾನೇ ತಾನಾಗಿ ಮೆಟ್ಟಿಲಿಳಿಯುವುದನ್ನು ನೋಡಿದವರು ಮರೆಯುವುದಿಲ್ಲ. ಇನ್ನೊಂದು ಕಡೆ ಮಲಗಿದ ಕಲ್ಲಿನ ಸಿಂಹ, ತಲೆ ಎತ್ತಿದ ಸಿಂಹ, ಎದ್ದ ಸಿಂಹ ಎಂದು ಮೂರು ಬೇರೆ ಬೇರೆ ಶಿಲ್ಪಗಳನ್ನು ಒಂದರ ಹಿಂದೆ ಒಂದು ಜೋಡಿಸಿದ್ದಾನೆ. ಕಲ್ಲೇ ಸಿಟ್ಟಿಗೆದ್ದು ನಿಂತಂತೆ ಕಾಣುತ್ತದೆ. ಎರಡು ದೃಶ್ಯಗಳನ್ನು ಜೋಡಿಸಿದರೆ ಎರಡರಲ್ಲೂ ಇಲ್ಲದ ಮೂರನೆಯ ಅರ್ಥ ಹುಟ್ಟುತ್ತದೆ ಎಂಬುದು ಆತನ ಸಿದ್ಧಾಂತ. ಕಪ್ಪು ಬಿಳುಪು ಚಿತ್ರದಲ್ಲಿ ಬಾವುಟವೊಂದು ಮಾತ್ರ ಕೆಂಪಾಗಿ ಕಾಣಲೆಂದು ಚೌಕಟ್ಟು ಚೌಕಟ್ಟಿಗೂ ಕೈಯಿಂದ ಬಣ್ಣ ಹಚ್ಚಲಾಗಿತ್ತು. 1925ರ ಡಿಸೆಂಬರ್‌ನಲ್ಲಿ ಮಾಸ್ಕೋದ ಬಲ್ಷೊಯ್ ರಂಗಮಂದಿರದಲ್ಲಿ ಚಿತ್ರ ಮೊದಲ ಬಾರಿಗೆ ತೆರೆ ಕಂಡಿತು. ಬರ್ಲಿನ್‌ನಲ್ಲಿ ಅದಕ್ಕೆ ಸಿಕ್ಕ ಮೆಚ್ಚುಗೆಯಿಂದ ಐಸೆನ್‌ಸ್ಟೈನ್ ಹೆಸರು ಜಗತ್ತಿಗೆ ಗೊತ್ತಾಯಿತು. ಬ್ರಿಟನ್ನಿನಲ್ಲಿ ಮಾತ್ರ ಈ ಚಿತ್ರದ ಮೇಲಿನ ನಿಷೇಧ 1954ರವರೆಗೂ ಇತ್ತು. ಸಿನಿಮಾಕ್ಕೆ ಹೆದರುವುದರಲ್ಲಿ ಯಾವ ಸರ್ಕಾರವೂ ಹಿಂದೆ ಬಿದ್ದಿಲ್ಲ.

ಇಲ್ಲಿಯವರೆಗೆ ಸರ್ಕಾರ ಕೊಟ್ಟ ಕಥೆ. ಕಿತ್ತುಕೊಂಡ ಕಥೆ ಮುಂದಿನ ಚಿತ್ರದಿಂದಲೇ ಶುರುವಾಯಿತು.

1917ರ ಕ್ರಾಂತಿಗೆ ಹತ್ತು ವರ್ಷ ತುಂಬಿದಾಗ ‘ಅಕ್ಟೋಬರ್’ ಚಿತ್ರದ ಕೆಲಸವೂ ಆತನಿಗೇ ಬಂತು. ಚಕ್ರವರ್ತಿಯ ಚಳಿಗಾಲದ ಅರಮನೆಯನ್ನೇ ಚಿತ್ರೀಕರಣಕ್ಕೆ ಬಿಟ್ಟುಕೊಟ್ಟರು. ಸಾವಿರಾರು ಜನ ನಟಿಸಿದರು. ಅಷ್ಟರಲ್ಲಿ ಸ್ಟಾಲಿನ್ನನ ಕೈ ಮೇಲಾಗಿತ್ತು. ಕ್ರಾಂತಿಯ ಮುಂದಾಳುಗಳಲ್ಲಿ ಒಬ್ಬನಾಗಿದ್ದ ಟ್ರಾಟ್‌ಸ್ಕಿಯನ್ನು 1927ರ ನವೆಂಬರ್‌ನಲ್ಲಿ ಪಕ್ಷದಿಂದ ಹೊರಹಾಕಿದರು. ಸಿನಿಮಾದಿಂದಲೂ ಆತನನ್ನು ಹೊರಹಾಕಬೇಕಾಯಿತು. ರೀಲುಗಳನ್ನು ಮತ್ತೆ ಕತ್ತರಿಸಿ ಜೋಡಿಸಿ, ಹಬ್ಬ ಮುಗಿದ ಎಷ್ಟೋ ದಿನಗಳ ಮೇಲೆ, 1928ರ ಮಾರ್ಚ್‌ನಲ್ಲಿ ಚಿತ್ರ ಬಿಡುಗಡೆಯಾಯಿತು.

ಅದರ ನಂತರದ ಚಿತ್ರ ನಮ್ಮ ಊರಿನವರಿಗೆ ಬಹಳ ಹತ್ತಿರದ್ದು. ಮಾರ್ಫಾ ಎಂಬ ಬಡ ರೈತ ಹೆಂಗಸು ಹಳ್ಳಿಯಲ್ಲಿ ಹಾಲಿನ ಸಹಕಾರ ಸಂಘ ಕಟ್ಟುವ ಕಥೆ ಅದು. ಆ ಪಾತ್ರವನ್ನು ಮಾಡಿದವಳೂ ನಿಜವಾದ ರೈತ ಹೆಂಗಸೇ. ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮೊದಲ ಬಾರಿಗೆ ಹಳ್ಳಿಗೆ ಬರುತ್ತದೆ. ಜನ ನಂಬದೆ ಸುತ್ತ ನಿಂತು ನೋಡುತ್ತಾರೆ. ಮೊದಲ ಹನಿ ಬೀಳುವವರೆಗಿನ ಆ ಕಾತರವನ್ನು ಆತ ಯುದ್ಧದ ದೃಶ್ಯದಷ್ಟೇ ಬಿಗಿಯಾಗಿ ತೋರಿಸಿದ್ದಾನೆ. ಡೈರಿಗೆ ಹಾಲು ಹಾಕುವ ನಮ್ಮ ತಾಯಂದಿರು ನೋಡಿದರೆ ಭಾಷೆ ಬಾರದಿದ್ದರೂ ಅರ್ಥವಾದೀತು. ಚಿತ್ರ ಮುಗಿಯುವಷ್ಟರಲ್ಲಿ ಸರ್ಕಾರದ ಕೃಷಿ ನೀತಿಯೇ ಬದಲಾಗಿತ್ತು. ಸ್ಟಾಲಿನ್ ಚಿತ್ರ ನೋಡಿ ಕೊನೆಯನ್ನು ತಿದ್ದಿಸಿದ. ಸರ್ಕಾರದ ಧೋರಣೆ ಎಂಬ ಅರ್ಥದ ಮೊದಲಿನ ಹೆಸರನ್ನು ತೆಗೆದು ‘ಹಳತು ಮತ್ತು ಹೊಸತು’ ಎಂದು ಮಾಡಿ 1929ರಲ್ಲಿ ಬಿಡುಗಡೆ ಮಾಡಿದರು.

ಹಾಗಾದರೆ ಖಾಸಗಿ ಹಣ ವಾಸಿಯಿತ್ತೇ? ಅದನ್ನೂ ಆತ ನೋಡಿದ. 1930ರಲ್ಲಿ ಅಮೆರಿಕದ ಪ್ಯಾರಾಮೌಂಟ್ ಕಂಪನಿ ಆತನನ್ನು ಕರೆಸಿಕೊಂಡು ಒಂದೂ ಚಿತ್ರ ಮಾಡಿಸದೆ ತಿಂಗಳುಗಳಲ್ಲೇ ಕಳಿಸಿತು. ಆಮೇಲೆ ಲೇಖಕ ಅಪ್ಟನ್ ಸಿಂಕ್ಲೇರ್ ದಂಪತಿಗಳ ಹಣದಲ್ಲಿ ಮೆಕ್ಸಿಕೊ ದೇಶದ ಬಗ್ಗೆ ಚಿತ್ರ ಶುರುಮಾಡಿದ. ಖರ್ಚು ಹೆಚ್ಚಾಯಿತೆಂದು ಅವರು ಕೈಬಿಟ್ಟರು. ಐಸೆನ್‌ಸ್ಟೈನ್ ದೇಶ ಬಿಟ್ಟವನೆಂದು ಆತನ ಗೆಳೆಯರೇ ಎಣಿಸಿದ್ದಾರೆ ಎಂದು ಸ್ಟಾಲಿನ್ ಸಿಂಕ್ಲೇರ್‌ಗೆ ತಂತಿ ಕಳಿಸಿದ್ದ. 1932ರಲ್ಲಿ ಆತ ಮಾಸ್ಕೋಗೆ ಮರಳಿದ. ತೆಗೆದಿದ್ದ ರೀಲುಗಳು ಅಮೆರಿಕದಲ್ಲೇ ಉಳಿದವು. ಅವುಗಳನ್ನು ಜೋಡಿಸುವ ಭಾಗ್ಯ ಆತನಿಗೆ ಕೊನೆಯವರೆಗೂ ಬರಲಿಲ್ಲ.

ಮರಳಿದವನು ಮಾಸ್ಕೋದ ಸರ್ಕಾರಿ ಸಿನಿಮಾ ಶಾಲೆಯಲ್ಲಿ ಮೇಷ್ಟ್ರಾದ. ಒಂದು ದೃಶ್ಯವನ್ನು ಎಷ್ಟು ರೀತಿಯಲ್ಲಿ ತೆಗೆಯಬಹುದು ಎಂದು ಹಲಗೆಯ ಮೇಲೆ ಚಿತ್ರ ಬರೆದು ವಿದ್ಯಾರ್ಥಿಗಳ ಜೊತೆ ಗಂಟೆಗಟ್ಟಲೆ ಚರ್ಚಿಸುತ್ತಿದ್ದ. ಎರಡು ವರ್ಷ ದುಡಿದು ‘ಬೆಜಿನ್ ಹುಲ್ಲುಗಾವಲು’ ಎಂಬ ಚಿತ್ರ ತೆಗೆದ. 1937ರ ಮಾರ್ಚ್‌ನಲ್ಲಿ ಸಿನಿಮಾ ಇಲಾಖೆಯ ಮುಖ್ಯಸ್ಥ ಶುಮ್ಯಾಟ್‌ಸ್ಕಿ ಅದನ್ನು ನಿಲ್ಲಿಸಿದ. ಐಸೆನ್‌ಸ್ಟೈನ್ ತನ್ನ ಚಿತ್ರವೇ ತಪ್ಪು ಎಂದು ಪತ್ರಿಕೆಯಲ್ಲಿ ಬರೆದು ಒಪ್ಪಿಕೊಳ್ಳಬೇಕಾಯಿತು. ಚಿತ್ರವೇ ಉಳಿಯಲಿಲ್ಲ. ಆತನ ಹೆಂಡತಿ ಪೆರಾ ಅತಾಶೆವಾ ಜೋಪಾನ ಮಾಡಿದ್ದ ಬಿಡಿ ಚೌಕಟ್ಟುಗಳನ್ನು ಜೋಡಿಸಿ 1960ರ ದಶಕದಲ್ಲಿ ಅರ್ಧ ಗಂಟೆಯಷ್ಟನ್ನು ಕಟ್ಟಿದರು. ಚಿತ್ರ ನಿಲ್ಲಿಸಿದ ಶುಮ್ಯಾಟ್‌ಸ್ಕಿಯನ್ನೇ ಮರುವರ್ಷ ಹಿಡಿದು ಗುಂಡಿಕ್ಕಿ ಕೊಂದರು. ಆ ಕಾಲದಲ್ಲಿ ಆಜ್ಞೆ ಹೊರಡಿಸುವವನಿಗೂ ರಕ್ಷಣೆ ಇರಲಿಲ್ಲ.

ಐಸೆನ್‌ಸ್ಟೈನ್ ಉಳಿದುಕೊಂಡ. 1938ರಲ್ಲಿ ‘ಅಲೆಕ್ಸಾಂಡರ್ ನೆವ್‌ಸ್ಕಿ’ ಮಾಡಿದ. 1242ರಲ್ಲಿ ಜರ್ಮನ್ ಸೈನ್ಯವನ್ನು ಹೆಪ್ಪುಗಟ್ಟಿದ ಸರೋವರದ ಮೇಲೆ ಸೋಲಿಸಿದ ರಾಜನ ಕಥೆ. ಆ ಮಂಜಿನ ಯುದ್ಧವನ್ನು ಬೇಸಿಗೆಯಲ್ಲಿ, ಕೃತಕ ಮಂಜು ಹರಡಿ ತೆಗೆದರು. ಸರ್ಕಾರ ಮೆಚ್ಚಿ ಆರ್ಡರ್ ಆಫ್ ಲೆನಿನ್ ಪದವಿ ಕೊಟ್ಟಿತು. 1939ರ ಆಗಸ್ಟ್‌ನಲ್ಲಿ ಸ್ಟಾಲಿನ್ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡ. ಜರ್ಮನರನ್ನು ಬಯ್ಯುವ ಚಿತ್ರ ಪರದೆಯಿಂದ ಮಾಯವಾಯಿತು. 1941ರ ಜೂನ್‌ನಲ್ಲಿ ಹಿಟ್ಲರ್ ದಾಳಿ ಮಾಡಿದ. ಅದೇ ಚಿತ್ರ ಮತ್ತೆ ಪರದೆಗೆ ಬಂತು. ಸಿನಿಮಾದಲ್ಲಿ ಒಂದು ಚೌಕಟ್ಟೂ ಬದಲಾಗಿರಲಿಲ್ಲ. ಬದಲಾದದ್ದು ಸರ್ಕಾರದ ಅಗತ್ಯ ಮಾತ್ರ.

ಈ ನಡುವೆ ಆತ ಮಾಡಿದ ಒಂದು ಕೆಲಸ ನನಗೆ ಆತನ ಸಿನಿಮಾಗಳಷ್ಟೇ ದೊಡ್ಡದು. ಗುರು ಮೆಯರ್‌ಹೋಲ್ಡ್‌ನನ್ನು 1939ರಲ್ಲಿ ಬಂಧಿಸಿ ಮರುವರ್ಷ ಕೊಂದರು. ಆತನ ಹೆಸರೆತ್ತುವುದೇ ಅಪಾಯವಾಗಿದ್ದ ಕಾಲ. ಗುರುವಿನ ಕಾಗದಪತ್ರಗಳನ್ನೆಲ್ಲ ಐಸೆನ್‌ಸ್ಟೈನ್ ತನ್ನ ತೋಟದ ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ. ಮೆಯರ್‌ಹೋಲ್ಡ್ ನಾಟಕಗಳ ಬಗ್ಗೆ ಇಂದು ಜಗತ್ತಿಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಕಾಗದಗಳಿಂದಲೇ.

ಕೊನೆಯ ಚಿತ್ರ ‘ಐವಾನ್ ದಿ ಟೆರಿಬಲ್’. ಹದಿನಾರನೆಯ ಶತಮಾನದ ಕ್ರೂರ ದೊರೆಯೊಬ್ಬನನ್ನು ದೇಶ ಕಟ್ಟಿದ ಮಹಾಪುರುಷನಂತೆ ತೋರಿಸಬೇಕೆಂದು ಸರ್ಕಾರದ ಅಪೇಕ್ಷೆ. ಆ ದೊರೆಯಲ್ಲಿ ಸ್ಟಾಲಿನ್ ತನ್ನನ್ನೇ ಕಾಣುತ್ತಿದ್ದ. ಯುದ್ಧದ ಕಷ್ಟದ ನಡುವೆ ದೂರದ ಆಲ್ಮಾ ಆಟಾದಲ್ಲಿ ಚಿತ್ರೀಕರಣ ನಡೆಯಿತು. ಮೊದಲ ಭಾಗ 1945ರಲ್ಲಿ ಬಿಡುಗಡೆಯಾಗಿ ಸ್ಟಾಲಿನ್ ಪ್ರಶಸ್ತಿ ಪಡೆಯಿತು. 1946ರ ಫೆಬ್ರವರಿಯಲ್ಲಿ ಆ ಸಂತೋಷಕೂಟದಲ್ಲಿ ಕುಣಿಯುತ್ತಿದ್ದಾಗಲೇ ಐಸೆನ್‌ಸ್ಟೈನ್‌ಗೆ ಹೃದಯಾಘಾತವಾಯಿತು. ಎರಡನೆಯ ಭಾಗದಲ್ಲಿ ದೊರೆಯ ಸಂಶಯ, ಒಂಟಿತನ, ಆತನ ಖಾಸಗಿ ಪಡೆಯ ದೌರ್ಜನ್ಯ ಎಲ್ಲ ತೆರೆಯ ಮೇಲಿತ್ತು. ಸ್ಟಾಲಿನ್ ಕನ್ನಡಿ ಕೇಳಿದ್ದ, ಸಿಕ್ಕಿದ್ದು ನಿಜವಾದ ಕನ್ನಡಿ. ಚಿತ್ರವನ್ನು ತಡೆದರು.

1947ರ ಫೆಬ್ರವರಿಯ ಒಂದು ರಾತ್ರಿ ಐಸೆನ್‌ಸ್ಟೈನ್‌ನನ್ನೂ ದೊರೆಯ ಪಾತ್ರ ಮಾಡಿದ್ದ ಚೆರ್ಕಾಸೊವ್‌ನನ್ನೂ ಕ್ರೆಮ್ಲಿನ್‌ಗೆ ಕರೆಸಿದರು. ಎದುರಿಗೆ ಸ್ಟಾಲಿನ್, ಮೊಲೊಟೊವ್, ಜ್ದಾನೊವ್. ದೊರೆ ಅಳ್ಳೆದೆಯವನಂತೆ ಕಾಣುತ್ತಾನೆ, ಕ್ರೌರ್ಯ ಏಕೆ ಅಗತ್ಯವಾಗಿತ್ತು ಎಂದು ತೋರಿಸಬೇಕು ಎಂದು ಹೇಳಿದರು. ದೊರೆಯ ಗಡ್ಡದ ಉದ್ದದ ಬಗ್ಗೆಯೂ ಆಕ್ಷೇಪಣೆ ಬಂತು. ಅಣುಬಾಂಬಿನ ಕಾಲದಲ್ಲಿ ಒಂದು ದೊಡ್ಡ ದೇಶವನ್ನು ಆಳುವವರು ಒಂದು ಗಡ್ಡದ ಅಳತೆ ಮಾತಾಡುತ್ತಾ ಕುಳಿತಿದ್ದರು. ಚಿತ್ರ ತಿದ್ದಲು ಐಸೆನ್‌ಸ್ಟೈನ್ ಕಾಲಾವಕಾಶ ಕೇಳಿದ, ಕೊಟ್ಟರು. ಆತ ತಿದ್ದಲಿಲ್ಲ. 1948ರ ಫೆಬ್ರವರಿ 11ರಂದು ಐವತ್ತನೆಯ ವಯಸ್ಸಿಗೇ ತೀರಿಕೊಂಡ. ಸ್ಟಾಲಿನ್ ಸತ್ತು ಐದು ವರ್ಷವಾದ ಮೇಲೆ, 1958ರಲ್ಲಿ, ಆತ ಬಿಟ್ಟುಹೋದಂತೆಯೇ ಆ ಭಾಗ ಜನರ ಮುಂದೆ ಬಂತು.

ಈ ಕಥೆ ಓದಿ ಸರ್ಕಾರ ಕಲೆಗೆ ಹಣ ಕೊಡಲೇಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸರ್ಕಾರದ ಹಣವಿಲ್ಲದಿದ್ದರೆ ‘ಪೊಟೆಮ್ಕಿನ್’ ಹುಟ್ಟುತ್ತಲೇ ಇರಲಿಲ್ಲ. ನಮ್ಮಲ್ಲಿಯೂ ಮೈಸೂರಿನ ಎಂ.ಎಸ್. ಸತ್ಯು ಅವರು ಕೇಂದ್ರ ಸರ್ಕಾರದ ಫಿಲಂ ಫೈನಾನ್ಸ್ ಕಾರ್ಪೊರೇಷನ್ನಿನ ನೆರವಿನಿಂದ ದೇಶ ವಿಭಜನೆಯ ನೋವನ್ನು ಹೇಳುವ ‘ಗರಂ ಹವಾ’ ಮಾಡಿದರು. ಸೆನ್ಸಾರಿನವರು ಅದನ್ನು ತಿಂಗಳುಗಟ್ಟಲೆ ತಡೆದರು. ಕೊನೆಗೆ ಅದು ಬಿಡುಗಡೆಯಾಗಿ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಒಂದೇ ಸರ್ಕಾರದ ಒಂದು ಕೈ ಕೊಟ್ಟಿತು, ಇನ್ನೊಂದು ಕೈ ತಡೆಯಿತು, ಆದರೂ ಚಿತ್ರ ಉಳಿಯಿತು. ಏಕೆಂದರೆ ಇಲ್ಲಿ ಎಲ್ಲ ಬೀಗದ ಕೈಗಳೂ ಒಬ್ಬನ ಸೊಂಟದಲ್ಲಿ ಇರಲಿಲ್ಲ.

ನನ್ನ ವೃತ್ತಿಯಲ್ಲಿ ಹಣ ಕೊಟ್ಟ ಗ್ರಾಹಕ ಹೇಳಿದಂತೆ ಪ್ರೋಗ್ರಾಂ ಬದಲಿಸಿಕೊಡಬೇಕು. ಅದರಲ್ಲಿ ತಪ್ಪಿಲ್ಲ, ಹಣ ಅವರದು. ಸರ್ಕಾರದ ಹಣ ಹಾಗಲ್ಲ. ಅದು ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವರೂ ತೆರಿಗೆಯಾಗಿ ಕಟ್ಟಿದ ಹಣ. ಅಧಿಕಾರದಲ್ಲಿರುವವರು ಅದಕ್ಕೆ ಕಾವಲುಗಾರರು, ಯಜಮಾನರಲ್ಲ. ಸಿನಿಮಾದ ಸಹಾಯಧನವಿರಲಿ, ಶಾಲೆಯ ಅನುದಾನವಿರಲಿ, ಕೊಟ್ಟವರನ್ನು ಹೊಗಳಬೇಕೆಂಬ ಷರತ್ತು ಅದರ ಹಿಂದೆ ಬರಬಾರದು.

ನಮ್ಮ ಶಾಲೆಯ ಮೇಷ್ಟ್ರುಗಳಿಗೂ ಮೇಡಂಗಳಿಗೂ ಸಂಬಳ ಬರುತ್ತಿದ್ದದ್ದು ಸರ್ಕಾರದ ಖಜಾನೆಯಿಂದಲೇ. ಆಳುವವರನ್ನು ಪ್ರಶ್ನೆ ಕೇಳುವ ಹಕ್ಕು ಪ್ರಜೆಗಿದೆ ಎಂದು ಸಮಾಜ ಪಾಠದಲ್ಲಿ ನಮಗೆ ಕಲಿಸಿದವರೂ ಅವರೇ. ಮುಂದಿನ ಐವತ್ತು ವರ್ಷವೂ ಈ ಶಾಲೆಯಲ್ಲಿ ಆ ಪಾಠ ನಡೆಯುತ್ತಿರಲಿ.