ನಾಯಿ ನೆಕ್ಕಿದ ಗಾಯ ಮತ್ತು ಪಾಶ್ಚರ್ ಹೆಸರಿನ ಬ್ಯಾಕ್ಟೀರಿಯಾ

ನಾಯಿ ನೆಕ್ಕಿದರೆ ಗಾಯ ಬೇಗ ಒಣಗುತ್ತದೆ ಎಂಬ ನಂಬಿಕೆ ನಮ್ಮ ಹಾಗಲವಾಡಿ ಕಡೆಯೂ ಇದೆ, ದೂರದ ದೇಶಗಳಲ್ಲೂ ಇದೆ. ನಾಯಿ ಎಂದರೆ ನೆನಪಾಗುವ ವಿಜ್ಞಾನಿ ಲೂಯಿ ಪಾಶ್ಚರ್; ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕಂಡುಹಿಡಿದವರು. ಆದರೆ ಆರೋಗ್ಯವಾಗಿರುವ ನಾಯಿ, ಬೆಕ್ಕುಗಳ ಬಾಯಲ್ಲೂ ಅವರ ಹೆಸರಿನ ಒಂದು ಬ್ಯಾಕ್ಟೀರಿಯಾ ಇರುತ್ತದೆ: ಪಾಶ್ಚುರೆಲ್ಲಾ.

ಪಾಶ್ಚರ್ 1822ರಲ್ಲಿ ಫ್ರಾನ್ಸಿನ ದೋಲ್ ಊರಿನಲ್ಲಿ ಚರ್ಮ ಹದ ಮಾಡುವವರ ಮಗನಾಗಿ ಹುಟ್ಟಿದರು. ಅವರು ವೈದ್ಯರಲ್ಲ, ಓದಿದ್ದು ರಸಾಯನಶಾಸ್ತ್ರ. ಇಬ್ಬರು ಹೆಣ್ಣುಮಕ್ಕಳು ಟೈಫಾಯ್ಡ್‌ನಿಂದ ತೀರಿಕೊಂಡರು. 1868ರಲ್ಲಿ ಪಾರ್ಶ್ವವಾಯು ಹೊಡೆದು ಅವರ ಎಡಭಾಗ ಸ್ವಾಧೀನ ತಪ್ಪಿತು. ಲಸಿಕೆಗಳ ಕೆಲಸವೆಲ್ಲ ಅದರ ನಂತರದ್ದು.

1879ರಲ್ಲಿ ಅವರ ಕೈಯಲ್ಲಿದ್ದದ್ದು ಕೋಳಿ ಕಾಲರಾ. ಹೆಸರಿಗಷ್ಟೇ ಕಾಲರಾ, ಮನುಷ್ಯರ ಕಾಲರಾಕ್ಕೂ ಇದಕ್ಕೂ ಸಂಬಂಧವಿಲ್ಲ. ಸೂಕ್ಷ್ಮಾಣು ರಕ್ತಕ್ಕೆ ಸೇರಿ ಕೋಳಿಗಳು ಪಟಪಟನೆ ಸಾಯುತ್ತಿದ್ದವು. ದುರ್ಬಲಗೊಳಿಸಿದ ಸೂಕ್ಷ್ಮಾಣು ಚುಚ್ಚಿದ ಕೋಳಿಗಳು ಮಾತ್ರ ಮುಂದೆ ರೋಗ ತಡೆದುಕೊಂಡವು. ಬೇಸಿಗೆ ರಜೆಯಲ್ಲಿ ಮರೆತ ಸೀಸೆಯಿಂದ ಈ ಲಸಿಕೆ ಸಿಕ್ಕಿತು ಎನ್ನುವ ಕಥೆ ಚೆನ್ನಾಗಿದೆ, ಆದರೆ ಅವರ ಪ್ರಯೋಗಾಲಯದ ಟಿಪ್ಪಣಿಗಳಲ್ಲಿ ಕಾಣುವುದು ತಿಂಗಳುಗಟ್ಟಲೆ ನಡೆದ ಪ್ರಯೋಗ.

ನನಗೆ ಹೆಚ್ಚು ಮುಖ್ಯವೆನಿಸುವುದು ಗಿನಿಯಿಲಿಗಳ ಸಂಗತಿ. ಕೋಳಿಯನ್ನು ಕೊಲ್ಲುವ ಅದೇ ಸೂಕ್ಷ್ಮಾಣು ಗಿನಿಯಿಲಿಗೆ ಚುಚ್ಚಿದ ಜಾಗದಲ್ಲಿ ಒಂದು ಕೀವುಗಂಟು ಎಬ್ಬಿಸಿ ಅಲ್ಲಿಗೇ ನಿಲ್ಲುತ್ತಿತ್ತು. ಗಿನಿಯಿಲಿ ಆರಾಮವಾಗಿ ಓಡಾಡಿಕೊಂಡಿರುತ್ತಿತ್ತು. ಆ ಕೀವು ತಗುಲಿದರೆ ಕೋಳಿ ಸಾಯುತ್ತಿತ್ತು. ಸೂಕ್ಷ್ಮಾಣು ಒಂದೇ, ಅದು ಹೊಕ್ಕ ದೇಹ ಬೇರೆ.

1885ರಲ್ಲಿ ಪಾಶ್ಚರ್ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ರೇಬೀಸ್ ಲಸಿಕೆ ಕೊಡಿಸಿದರು. 1887ರಲ್ಲಿ ಕೋಳಿ ಕಾಲರಾದ ಬ್ಯಾಕ್ಟೀರಿಯಾ ಕುಲಕ್ಕೆ ಅವರ ಹೆಸರು ಬಂತು. ಅವರು ತೀರಿಕೊಂಡದ್ದು 1895ರಲ್ಲಿ.

ಮಳೆಗಾಲಕ್ಕೆ ಮೊದಲು ನಮ್ಮ ದನ, ಎಮ್ಮೆಗಳಿಗೆ ಗಳಲೆ ರೋಗದ ಲಸಿಕೆ ಹಾಕಿಸುತ್ತೇವಲ್ಲ, ಆ ರೋಗ ತರುವುದೂ ಇದೇ ಬ್ಯಾಕ್ಟೀರಿಯಾದ ಇನ್ನೊಂದು ತಳಿ. ಮನುಷ್ಯರಿಗೆ ಇದು ಹೆಚ್ಚಾಗಿ ಬರುವುದು ಬೆಕ್ಕು, ನಾಯಿ ಕಚ್ಚಿದಾಗ, ಪರಚಿದಾಗ, ತೆರೆದ ಗಾಯ ನೆಕ್ಕಿದಾಗ. ಗಟ್ಟಿಮುಟ್ಟಾದವರಲ್ಲಿ ಗಾಯ ಊದಿ, ಕೆಂಪಾಗಿ, ಬಹುತೇಕ ಅಲ್ಲಿಗೇ ನಿಲ್ಲುತ್ತದೆ. ಲಿವರ್ ಸಿರೋಸಿಸ್ ಇರುವವರು, ಡಯಾಲಿಸಿಸ್‌ನಲ್ಲಿರುವವರು, ಕೀಮೋಥೆರಪಿ ಪಡೆಯುತ್ತಿರುವವರು, ದೀರ್ಘಕಾಲ ಸ್ಟೀರಾಯ್ಡ್ ನುಂಗುವವರಲ್ಲಿ ಅದು ರಕ್ತಕ್ಕಿಳಿದು ಪ್ರಾಣಕ್ಕೇ ಕುತ್ತು ತರಬಹುದು.

ಹಾಗೆಂದು ಸಾಕುನಾಯಿಯನ್ನು ಮನೆಯಿಂದ ಓಡಿಸಬೇಕಿಲ್ಲ. ಗಾಯ ಮುಚ್ಚಿಕೊಳ್ಳಿ, ನೆಕ್ಕಲು ಬಿಡಬೇಡಿ. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಲಸಿಕೆ ತಪ್ಪಿಸುವಂತಿಲ್ಲ, ಆದರೆ ಅದು ಪಾಶ್ಚುರೆಲ್ಲಾವನ್ನು ತಡೆಯುವುದಿಲ್ಲ. ಅದಕ್ಕೆ ಆ್ಯಂಟಿಬಯಾಟಿಕ್ ಬೇಕಾಗಬಹುದು. ನಿಮಗಿರುವ ಕಾಯಿಲೆ, ನುಂಗುತ್ತಿರುವ ಮಾತ್ರೆಗಳನ್ನು ಡಾಕ್ಟರು ಕೇಳುವ ಮೊದಲೇ ಹೇಳಿಬಿಡಿ.